ಹೂ ಮಳೆಗೆ ಯಾರ ಮಾತು ನಂಬುವುದು? ಪಂಚಾಂಗ, ರೇಡಿಯೊ, ಆ್ಯಪ್ ಮತ್ತು ಕಣದ ಮಳೆಮಾಪಕ

ಫೆಬ್ರುವರಿ ಕಳೆಯುತ್ತಿದ್ದಂತೆ ಮೂಡಿಗೆರೆ ಸುತ್ತಿನ ರೊಬಸ್ಟಾ ಕಾಫಿ ತೋಟಗಳಲ್ಲಿ ಒಂದೇ ಚರ್ಚೆ: ಸ್ಪ್ರಿಂಕ್ಲರ್ ಹಾಕಿಬಿಡೋಣವೇ, ಮೊಗ್ಗು ಅರಳಿಸುವ ಹೂ ಮಳೆಗೆ ಕಾಯೋಣವೇ? ಹಾಕಿದರೆ ಡೀಸೆಲ್ ಖರ್ಚು, ಪೈಪು ಎಳೆಯುವ ಆಳುಗಳ ಕೂಲಿ, ಕೆರೆಯ ತಳ ಕಾಣುವ ಚಿಂತೆ. ಕಾದರೆ ಮಳೆ ಬಾರದೆ ಮೊಗ್ಗು ಒಣಗುವ ಭಯ. ಎರಡಕ್ಕಿಂತಲೂ ಕೆಟ್ಟದ್ದು ಅರೆಮಳೆ. ರೊಬಸ್ಟಾ ಹೂ ಸರಿಯಾಗಿ ಅರಳಲು ಇಂಚಿನಷ್ಟಾದರೂ ಮಳೆ ಬೇಕು. ಮೂವತ್ತು ನಲವತ್ತು ಸೆಂಟ್ ಬಿದ್ದು ನಿಂತುಬಿಟ್ಟರೆ ಮೊಗ್ಗು ಅರ್ಧಂಬರ್ಧ ಬಿರಿದು ಕರಟಿಹೋಗುತ್ತದೆ. ತೋಟದವರ ಲೆಕ್ಕದಲ್ಲಿ ಇಂಚಿಗೆ ನೂರು ಸೆಂಟ್. ದೇಶಕ್ಕೆ ಮಿಲಿಮೀಟರ್ ಬಂದು ದಶಕಗಳಾದರೂ ನಮ್ಮ ಕಡೆ ಮಳೆ ಇನ್ನೂ ಸೆಂಟಿನಲ್ಲೇ ಬೀಳುತ್ತದೆ.

ಮಳೆಯ ಸುದ್ದಿಗೇನೂ ಬರವಿಲ್ಲ. ಗೋಡೆಯ ಮೇಲೆ ಪಂಚಾಂಗ, ಅಡುಗೆಮನೆಯಲ್ಲಿ ರೇಡಿಯೊ, ಅಂಗಳಕ್ಕೆ ಪತ್ರಿಕೆ, ಕೈಯಲ್ಲಿ ಮೊಬೈಲ್. ಯಾವುದು ಏನು ಹೇಳಿತು, ಕೊನೆಗೆ ಎಷ್ಟು ಬಿತ್ತು ಎಂಬುದನ್ನು ಒಂದು ವರ್ಷ ತೋಟದ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಾ ಬಂದೆ. ಅಳತೆ ಬೆಳಿಗ್ಗೆ 8.30ಕ್ಕೆ. ಹವಾಮಾನ ಇಲಾಖೆಯ ಇಪ್ಪತ್ನಾಲ್ಕು ಗಂಟೆಯ ಲೆಕ್ಕ ಮುಗಿಯುವುದೂ ಅದೇ ಹೊತ್ತಿಗೆ. ಬೇರೆ ಹೊತ್ತಿನಲ್ಲಿ ಅಳೆದು ಅವರ ಅಂಕಿಯ ಪಕ್ಕ ಇಟ್ಟರೆ ರಾತ್ರಿಯ ಮಳೆ ಯಾರದೋ ದಿನದ ಖಾತೆಗೆ ಹೋಗಿರುತ್ತದೆ.

ಮೊದಲು ಪಂಚಾಂಗದ ಮಾತು. ನಮ್ಮ ಮನೆಗೆ ಬರುವುದು ಒಂಟಿಕೊಪ್ಪಲ್ ಪಂಚಾಂಗ. ಹಿರಿಯರು ಇಂದಿಗೂ ಜೂನ್, ಜುಲೈ ಎನ್ನುವುದಿಲ್ಲ. ಆರಿದ್ರೆ ಹುಟ್ಟಿತು, ಪುಷ್ಯ ಹಿಡಿಯಿತು ಎನ್ನುತ್ತಾರೆ. ಮಳೆ ನಕ್ಷತ್ರ ಎಂದರೆ ಸೂರ್ಯ ಆ ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನ. ಲೆಕ್ಕ ಸೂರ್ಯನದ್ದಾದ್ದರಿಂದ ತಾರೀಖು ಹೆಚ್ಚು ಕದಲುವುದಿಲ್ಲ, ಆರಿದ್ರೆ ಪ್ರತಿ ವರ್ಷ ಜೂನ್ 21-22ರ ಆಸುಪಾಸಿನಲ್ಲೇ ಹುಟ್ಟುತ್ತದೆ. ಹಾಗಾಗಿ ಇದನ್ನು ಮುನ್ಸೂಚನೆ ಎಂದು ಪರೀಕ್ಷೆಗೆ ಕೂರಿಸುವುದೇ ಅನ್ಯಾಯ. ಈ ಹದಿನೈದು ದಿನದಲ್ಲಿ ಸಾಮಾನ್ಯವಾಗಿ ಏನಾಗುತ್ತದೆ, ಯಾವ ಕೆಲಸ ಮುಗಿದಿರಬೇಕು ಎಂಬ ತಲೆಮಾರುಗಳ ಸರಾಸರಿ ಅದು. ‘ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು’ ಎಂದಾಗ ಅಜ್ಜಿ ಈ ವರ್ಷದ ಆಗಸ್ಟ್ ಬಗ್ಗೆ ಏನೂ ಹೇಳುತ್ತಿರಲಿಲ್ಲ, ಗದ್ದೆಗೆ ಆಗ ನೀರು ಬೇಕು ಎನ್ನುತ್ತಿದ್ದರು.

ಕಾಫಿಯ ಮಟ್ಟಿಗೆ ಪಂಚಾಂಗದ ತೊಡಕು ಬೇರೆಯೇ. ಮಳೆ ನಕ್ಷತ್ರಗಳ ಎಣಿಕೆ ಶುರುವಾಗುವುದು ಅಶ್ವಿನಿಯಿಂದ, ಅಂದರೆ ಏಪ್ರಿಲ್ ಮಧ್ಯದಿಂದ. ನಮಗೆ ಹೂ ಮಳೆ ಬೇಕಾಗುವುದು ಅದಕ್ಕೂ ಮೊದಲೇ. ರಾಗಿ, ಭತ್ತ ಬೆಳೆಯುವವರು ಕಟ್ಟಿದ ಲೆಕ್ಕದಲ್ಲಿ ಬಾಬಾಬುಡನ್‌ಗಿರಿಗೆ ಬಹಳ ತಡವಾಗಿ ಬಂದಿಳಿದ ಗಿಡಕ್ಕೆ ಜಾಗವಿಲ್ಲ. ಭರಣಿಯಿಂದಾಚೆ, ಗದ್ದೆ ಕೆಲಸಕ್ಕೆ ನಾನು ಪಂಚಾಂಗ ನೋಡುತ್ತೇನೆ. ಮಾರ್ಚ್ ತಿಂಗಳಲ್ಲಿ ಅದು ರಾಹುಕಾಲ ನೋಡಲು ಮಾತ್ರ.

ಮೊಬೈಲ್ ಕೊಂಡಾಗಲೇ ಒಳಗೆ ಬಂದಿರುವ ಹವಾಮಾನದ ಆ್ಯಪನ್ನು ಬೇಗ ಮುಗಿಸಿಬಿಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಮೋಡ, ಅದೇ ಮೂರು ಹನಿ, ಅದರ ಕೆಳಗೆ ಶೇಕಡಾವಾರು ಒಂದು ಅಂಕಿ. ಶೇ 80 ಎಂದರೆ ಮಳೆ ಬರುವ ಸಾಧ್ಯತೆ ಅಷ್ಟು ಎಂದಷ್ಟೇ ಅರ್ಥ. ಹನಿ ಉದುರಿದರೂ ಅದು ಗೆದ್ದಂತೆ, ನಾಲ್ಕು ಇಂಚು ಸುರಿದರೂ ಗೆದ್ದಂತೆ. ಮಲೆನಾಡಿನ ಆಷಾಢದಲ್ಲಿ ಮಳೆ ಬರುತ್ತದೆ ಎಂದು ಹೇಳಲು ಉಪಗ್ರಹ ಬೇಕಿಲ್ಲ.

ರೇಡಿಯೊ, ಪತ್ರಿಕೆಗಳಲ್ಲಿ ಬರುವುದು ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ಸೂಚನೆ. ಇದರ ಭಾಷೆ ತಿಳಿದವರಿಗೆ ಬಹಳ ಉಪಯೋಗವಿದೆ, ತಿಳಿಯದವರೇ ಹೆಚ್ಚು. ‘ಭಾರಿ ಮಳೆ’ ಎಂದರೆ ಇಲಾಖೆಯ ಪ್ರಕಾರ ದಿನಕ್ಕೆ 64.5ರಿಂದ 115.5 ಮಿ.ಮೀ., ನಮ್ಮ ಲೆಕ್ಕದಲ್ಲಿ ಎರಡೂವರೆಯಿಂದ ನಾಲ್ಕೂವರೆ ಇಂಚು. ‘ಅತಿ ಭಾರಿ’ ಅಲ್ಲಿಂದ 204.4 ಮಿ.ಮೀ.ವರೆಗೆ. ಎಂಟು ಇಂಚು ದಾಟಿದರೆ ಅದಕ್ಕೂ ಮೇಲಿನ ದರ್ಜೆ. ಬಣ್ಣಗಳ ವಿಷಯದಲ್ಲಿ ಇನ್ನೂ ಗೊಂದಲ. ಹಳದಿ, ಕಿತ್ತಳೆ, ಕೆಂಪು ಎಂಬುದು ಮಳೆಯ ಅಳತೆಗಿಂತ ಹೆಚ್ಚಾಗಿ ನಾವು ಮಾಡಬೇಕಾದ ಕೆಲಸದ ಸೂಚನೆ: ಹಳದಿಗೆ ಗಮನವಿಡಿ, ಕಿತ್ತಳೆಗೆ ಸಿದ್ಧರಾಗಿ, ಕೆಂಪಿಗೆ ಕ್ರಮ ಕೈಗೊಳ್ಳಿ. ನಮ್ಮ ಮನೆಯ ಮಕ್ಕಳಿಗೆ ಮಾತ್ರ ನಾಲ್ಕನೆಯ ಅರ್ಥವೂ ಗೊತ್ತು, ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೋ ಇಲ್ಲವೋ ಎಂಬುದು. ಹವಾಮಾನದ ಸುದ್ದಿಯನ್ನು ಅವರಷ್ಟು ಶ್ರದ್ಧೆಯಿಂದ ಕೇಳುವವರನ್ನು ನಾನು ಕಂಡಿಲ್ಲ.

ಇದರ ಮಿತಿ ಜಿಲ್ಲೆಯ ಗಡಿಯಲ್ಲೇ ಇದೆ. ಚಿಕ್ಕಮಗಳೂರು ಜಿಲ್ಲೆ ಎಂದರೆ ಶೃಂಗೇರಿ, ಕೊಪ್ಪವೂ ಹೌದು. ಮಳೆಗಾಗಿ ಆಕಾಶ ನೋಡುವ ಕಡೂರು, ಅಜ್ಜಂಪುರವೂ ಹೌದು. ಇಷ್ಟಕ್ಕೂ ಸೇರಿ ಒಂದೇ ಬಣ್ಣ. ಮಳೆಗಾಲದ ನಡುವೆ, ಘಾಟಿಯ ದಾರಿ ಹಿಡಿಯಬೇಕೇ ಬೇಡವೇ ಎನ್ನುವಾಗ ಇದು ಸಾಕು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜರಿದದ್ದನ್ನು ಕಂಡವರು ಕೆಂಪು ಎಂದರೆ ಚಾರ್ಮಾಡಿ ಕಡೆಗೆ ಗಾಡಿ ತಿರುಗಿಸುವುದಿಲ್ಲ. ಹೂ ಮಳೆಗೆ ಮಾತ್ರ ಇದು ಒದಗುವುದಿಲ್ಲ. ‘ಜಿಲ್ಲೆಯ ಕೆಲವೆಡೆ ಗುಡುಗು ಸಹಿತ ಮಳೆ’ ಎಂಬುದು ಪ್ರತಿ ಮಾರ್ಚ್‌ನಲ್ಲೂ ನಿಜ. ಆ ಕೆಲವೆಡೆಯಲ್ಲಿ ನಮ್ಮ ತೋಟ ಇರುತ್ತದೆಯೇ ಎಂಬುದೇ ಪ್ರಶ್ನೆ.

ಯುವಕರ ಕೈಯಲ್ಲಿ ಈಗ ವಿಂಡಿ ಎಂಬ ಹವಾಮಾನ ನಕ್ಷೆಯ ಆ್ಯಪ್. ಗಾಳಿ ಹರಿಯುವ ಗೆರೆಗಳು, ಅರಬ್ಬಿ ಸಮುದ್ರದಿಂದ ನುಗ್ಗುವ ನೀಲಿ ಬಣ್ಣ, ನೋಡುತ್ತಾ ಕುಳಿತರೆ ಕಾಫಿ ಆರಿಹೋಗುತ್ತದೆ. ಒಳಗಿರುವುದು ಬೇರೆ ಬೇರೆ ಕೇಂದ್ರಗಳ ಕಂಪ್ಯೂಟರ್ ಲೆಕ್ಕ. ಮುಖ್ಯವಾಗಿ ಎರಡು: ಯುರೋಪಿನ ಇಸಿಎಂಡಬ್ಲ್ಯುಎಫ್ ಮತ್ತು ಅಮೆರಿಕದ ಜಿಎಫ್ಎಸ್. ಯುರೋಪಿನ ಲೆಕ್ಕ ಭೂಮಿಯನ್ನು ಸುಮಾರು 9 ಕಿ.ಮೀ. ಚೌಕಗಳಾಗಿ ಕತ್ತರಿಸಿ ಒಂದೊಂದು ಚೌಕಕ್ಕೆ ಒಂದು ಉತ್ತರ ಕೊಡುತ್ತದೆ. ಸಮತಟ್ಟಾದ ಊರಿಗೆ 9 ಕಿ.ಮೀ. ಏನೂ ಅಲ್ಲ. ನಮ್ಮಲ್ಲಿ ಆ ಒಂದು ಚೌಕದೊಳಗೆ ಘಾಟಿಯ ನೆತ್ತಿಯೂ ಇರಬಹುದು, ಪ್ರಪಾತವೂ ಇರಬಹುದು. ಕೊಟ್ಟಿಗೆಹಾರಕ್ಕೂ ಬಣಕಲ್ಲಿಗೂ ಒಂದೇ ಅಂಕಿ ಬಂದರೆ ಆಶ್ಚರ್ಯಪಡಬೇಕಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟು ಬಣಕಲ್ ತಲುಪುವಷ್ಟರಲ್ಲಿ ಮಳೆ ಅರ್ಧಕ್ಕೆ ಇಳಿದಿರುವುದನ್ನು ಈ ರಸ್ತೆಯವರೆಲ್ಲ ಬಲ್ಲರು.

ಆದರೂ ಒಂದು ವರ್ಷದ ಬರಹ ನೋಡಿದರೆ ನನ್ನ ಗೌರವ ಈ ನಕ್ಷೆಗಳಿಗೆ ಹೆಚ್ಚೇ ಆಗಿದೆ. ಮುಂಗಾರು ಜೋರಾಗುವುದನ್ನು, ಬಿಡುವು ಕೊಡುವುದನ್ನು ನಾಲ್ಕೈದು ದಿನ ಮೊದಲೇ ಹೇಳುವುದರಲ್ಲಿ ಇವಕ್ಕೆ ಸಮ ಬೇರೆ ಸಿಗಲಿಲ್ಲ. ಅಲ್ಲಿ ಮಳೆ ತರುವುದು ಸಾವಿರಾರು ಕಿಲೋಮೀಟರ್ ಅಗಲದ ಗಾಳಿ, ಲೆಕ್ಕಕ್ಕೆ ಸಿಗುತ್ತದೆ. ಮಾರ್ಚ್, ಏಪ್ರಿಲ್‌ನ ಮಳೆ ಹಾಗಲ್ಲ. ಮಧ್ಯಾಹ್ನದ ಬಿಸಿಲಿಗೆ ಒಂದು ಗುಡ್ಡದ ಮೇಲೆ ಮೋಡ ಗೋಪುರವಾಗಿ ಎದ್ದು, ಎರಡು ತೋಟ ತೋಯಿಸಿ, ಮೂರನೆಯದನ್ನು ಬಿಟ್ಟು ಹೋಗುತ್ತದೆ. ಆಗ ನಾನು ನೋಡುವುದು ಅಂಕಿಯನ್ನಲ್ಲ, ಎರಡು ಲೆಕ್ಕಗಳ ನಡುವಿನ ಜಗಳವನ್ನು. ಯುರೋಪು, ಅಮೆರಿಕ ಎರಡೂ ಮೂರು ದಿನ ಮೊದಲೇ ಒಂದೇ ದಿನ ತೋರಿಸಿ, ಮರುದಿನವೂ ಅದೇ ಮಾತಿಗೆ ನಿಂತರೆ ಮೋಡ ಎಲ್ಲೋ ಹತ್ತಿರ ಆಗಿಯೇ ಆಗುತ್ತದೆ ಎಂದು ಇಟ್ಟುಕೊಳ್ಳಬಹುದು. ಒಂದು ಸುರಿಯುತ್ತದೆ, ಇನ್ನೊಂದು ಒಣ ಎಂದರೆ ಆ ವಾರದ ಮಾತು ಬಿಟ್ಟುಬಿಡುವುದು.

ಸರ್ಕಾರದ ಕಡೆಯವು ಎರಡು ನನ್ನ ಮೊಬೈಲಿನಲ್ಲಿ ಉಳಿದಿವೆ. ಮೇಘದೂತ್ ಕನ್ನಡದಲ್ಲೇ ಮುಂದಿನ ಐದು ದಿನಗಳ ಮಳೆ, ಉಷ್ಣಾಂಶ, ಗಾಳಿ ಹೇಳುತ್ತದೆ. ಮಂಗಳವಾರ ಮತ್ತು ಶುಕ್ರವಾರ ಕೃಷಿ ಸಲಹೆಯೂ ಬರುತ್ತದೆ. ಶಿಲೀಂಧ್ರ ರೋಗ ತಡೆಯುವ ಶೇ 1ರ ಬೋರ್ಡೋ ದ್ರಾವಣ ಹೊಡೆಯುವ ದಿನ ಗೊತ್ತು ಮಾಡಲು ಇದು ಅನುಕೂಲ: ಮೈಲುತುತ್ತ, ಸುಣ್ಣ ತಲಾ ಒಂದು ಕಿಲೋ, ನೂರು ಲೀಟರ್ ನೀರು ಕಲಸಿದ ಮೇಲೆ ಮೋಡ ಕಟ್ಟಿದರೆ ಡ್ರಮ್ಮಿನ ಮುಂದೆ ಕೈಕಟ್ಟಿ ನಿಲ್ಲುವುದೊಂದೇ ದಾರಿ. ದ್ರಾವಣವನ್ನು ನಾಳೆಗೆ ಇಟ್ಟುಕೊಳ್ಳುವಂತಿಲ್ಲ.

ಇನ್ನೊಂದು ದಾಮಿನಿ, ಸುತ್ತಲ ಸಿಡಿಲಿನ ಎಚ್ಚರಿಕೆಗೆ. ಕಾಳುಮೆಣಸು ಕೊಯ್ಯುವವರು ಸಿಲ್ವರ್ ಓಕ್ ಮರಕ್ಕೆ ಅಲ್ಯೂಮಿನಿಯಂ ಏಣಿ ಒರಗಿಸಿ ಮೂವತ್ತು ಅಡಿ ಮೇಲಿರುವ ಕಾಲದಲ್ಲೇ ಗುಡುಗು ಮಳೆಯೂ ಶುರುವಾಗುತ್ತದೆ. ಇಲ್ಲಿ ಹೋಲಿಕೆಗೆ ಎದುರಾಳಿಯೇ ಇಲ್ಲ. ಮೊಬೈಲ್ ಕೂಗಿದರೆ ಆಳುಗಳನ್ನು ನೋಡಿಕೊಳ್ಳುವ ರೈಟರ್ ಎಲ್ಲರನ್ನೂ ಕೆಳಗಿಳಿಸುತ್ತಾರೆ. ಸಿಡಿಲು ಬೀಳಲಿಲ್ಲವಲ್ಲ ಎಂದು ಆಮೇಲೆ ಯಾರೂ ತಕರಾರು ತೆಗೆಯುವುದಿಲ್ಲ.

ಇವೆಲ್ಲಕ್ಕಿಂತ ಕಡಿಮೆ ಹೆಸರು ಮಾಡಿರುವುದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವ್ಯವಸ್ಥೆ. ಬರ ಉಸ್ತುವಾರಿಗೆಂದು 1988ರಲ್ಲಿ ಹುಟ್ಟಿದ ಕೇಂದ್ರ ಇದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳಿದ್ದು, ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳುಹಿಸುತ್ತವೆ. ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲಿ ಉತ್ತರ ಸಿಗುತ್ತದೆ. ಸ್ಮಾರ್ಟ್‌ಫೋನ್ ಇಲ್ಲದ ನನ್ನ ಚಿಕ್ಕಪ್ಪನಿಗೆ ಒಪ್ಪಿಗೆಯಾದದ್ದು ಇದೊಂದೇ. ‘ಮನುಷ್ಯರು ಮಾತನಾಡುತ್ತಾರೆ’ ಎಂಬುದು ಅವರ ಮೆಚ್ಚುಗೆ. ನನಗೆ ಅಲ್ಲಿ ಮುಖ್ಯವಾದದ್ದು ನಾಳೆಯ ಮಳೆಗಿಂತ ನಿನ್ನೆಯ ಮಳೆ. ಹೇಮಾವತಿ ಹುಟ್ಟುವುದು ನಮ್ಮ ತಾಲ್ಲೂಕಿನ ಜಾವಳಿಯ ಕಡೆ. ಅಲ್ಲಿನ ಪಂಚಾಯಿತಿಗಳಲ್ಲಿ ರಾತ್ರಿ ಎಷ್ಟು ಬಿತ್ತು ಎಂದು ತಿಳಿದರೆ ಹೊಳೆಯಂಚಿನ ಗದ್ದೆಗೆ ಬೆಳಿಗ್ಗೆ ಆಳು ಕಳುಹಿಸಬೇಕೇ ಬೇಡವೇ ಎಂಬುದು ತೀರ್ಮಾನವಾಗುತ್ತದೆ. ಹಾಸನದ ನೆಂಟರೂ ಫೋನ್ ಮಾಡಿ ಮೊದಲು ಕೇಳುವುದು ನಮ್ಮ ಕಡೆಯ ಮಳೆ. ಹೇಮಾವತಿಗೆ ಕಟ್ಟಿದ ಗೊರೂರು ಅಣೆಕಟ್ಟು ತುಂಬಿ 2922 ಅಡಿ ಮುಟ್ಟುವುದು ಯಾವಾಗ ಎಂಬುದು ಅವರ ಚಿಂತೆ, ನಮ್ಮ ಯೋಗಕ್ಷೇಮ ಆಮೇಲೆ.

ನಿನ್ನೆಯ ಮಳೆ ಎಂದಾಗ ಮಳೆಮಾಪಕದ ವಿಷಯಕ್ಕೆ ಬರಲೇಬೇಕು. ಹಳೆಯ ತೋಟಗಳಲ್ಲಿ ಅಜ್ಜನ ಕಾಲದ ತಾಮ್ರದ ಮಾಪಕ, ಅದರ ಪಕ್ಕ ಅಂಚು ಹರಿದ ಪುಸ್ತಕ ಇರುತ್ತವೆ. ನನ್ನದು ಪ್ಲಾಸ್ಟಿಕ್ಕಿನದು, ಅಗ್ಗದ್ದು. ಇದನ್ನು ಇಡುವುದೇ ಒಂದು ಕಷ್ಟ. ಮರದಿಂದ ದೂರ, ಬಯಲಿನಲ್ಲಿ ಇರಬೇಕು. ನೆರಳು ಮರಗಳಡಿ ಬೆಳೆಯುವ ಕಾಫಿ ತೋಟದಲ್ಲಿ ಬಯಲು ಎಂದರೆ ಬೀಜ ಒಣಗಿಸುವ ಕಣವೊಂದೇ. ಅಲ್ಲಿಟ್ಟರೆ ಕೊಯ್ಲಿನ ಕಾಲದಲ್ಲಿ ಯಾರೋ ಒಬ್ಬರು ಚೆರ್ರಿ ಹರಡಲು ಅಡ್ಡವೆಂದು ಎತ್ತಿ ಗೋಡೆಯ ಮೂಲೆಗೆ ಇಡುತ್ತಾರೆ, ಅಲ್ಲಿ ಹೆಂಚಿನ ನೀರು ತೊಟ್ಟಿಕ್ಕಿ ಬಿಸಿಲಿನಲ್ಲೂ ಹತ್ತು ಸೆಂಟ್ ತೋರಿಸುತ್ತದೆ. ಜುಲೈನಲ್ಲಿ ಸಂಜೆಯೂ ಒಮ್ಮೆ ಅಳೆದು ಚೆಲ್ಲದಿದ್ದರೆ ತುಂಬಿ ಹರಿದುಹೋಗುತ್ತದೆ. ಆಲಿಕೆಯಲ್ಲಿ ಎಲೆ ಸಿಕ್ಕಿಕೊಳ್ಳುತ್ತದೆ, ಒಮ್ಮೆ ಮರಗಪ್ಪೆಯೊಂದು ವಾರಗಟ್ಟಲೆ ಅಲ್ಲೇ ಬಿಡಾರ ಹೂಡಿತ್ತು.

ಇಷ್ಟೆಲ್ಲ ಇದ್ದರೂ ಹೂ ಮಳೆಯ ವಿಷಯದಲ್ಲಿ ನನ್ನ ಮೊದಲ ಅಂಕ ಇದಕ್ಕೇ. ಕಾರಣ ಸರಳ. ನಮ್ಮ ಇಳಿಜಾರಿಗೆ ಎಷ್ಟು ಸೆಂಟ್ ಬೀಳುತ್ತದೆ ಎಂದು ಮೊದಲೇ ಹೇಳುವವರು ಯಾರೂ ಇಲ್ಲ. ಎಷ್ಟು ಬಿತ್ತು ಎಂದು ಮರುದಿನ ಖಚಿತವಾಗಿ ಹೇಳುವುದು ಇದೊಂದೇ. ಅರವತ್ತು ಸೆಂಟಿಗೆ ಮಳೆ ನಿಂತಿದೆ ಎಂದು ಬೆಳಿಗ್ಗೆ ಗೊತ್ತಾದರೆ, ತಡಮಾಡದೆ ಉಳಿದ ನಲವತ್ತನ್ನು ಸ್ಪ್ರಿಂಕ್ಲರಿನಿಂದ ತುಂಬಿಸಬಹುದು. ಮೊಗ್ಗು ಉಳಿಯುತ್ತದೆ, ಡೀಸೆಲ್ಲೂ ಅರ್ಧಕ್ಕರ್ಧ ಉಳಿಯುತ್ತದೆ. ‘ಚೆನ್ನಾಗಿ ಬಿತ್ತಲ್ಲ, ಅಂಗಳವೆಲ್ಲ ನೀರು’ ಎಂಬ ಕಣ್ಣಂದಾಜಿಗೆ ನಲವತ್ತು ಸೆಂಟೂ ಒಂದೇ, ತೊಂಬತ್ತೂ ಒಂದೇ. ಆಮೇಲೆ ಬ್ಯಾಕಿಂಗ್ ಮಳೆಗೆ, ಅಂದರೆ ಹೂ ಅರಳಿದ ಮೇಲೆ ಕಾಯಿ ಕಚ್ಚಲು ಬೇಕಾದ ಎರಡನೆಯ ಮಳೆಗೆ, ಎಷ್ಟು ದಿನ ಕಾಯಬಹುದು ಎಂಬ ಲೆಕ್ಕವೂ ಇದೇ ತಾರೀಖಿನಿಂದ ಶುರು. ಹಾಗಾಗಿ ವಿಂಡಿ ನೋಡಿ ಪೈಪು ಎಳೆದಿಡುವುದು, ಮಾಪಕ ನೋಡಿ ಪಂಪು ಹಾಕುವುದು. ನನ್ನ ಕ್ರಮ ಈಗ ಇದು.

ಕೊಯ್ಲಿನ ಕಾಲದ ಅಕಾಲ ಮಳೆಗೆ ಇವುಗಳಲ್ಲಿ ಯಾವುದೂ ಪೂರ್ತಿ ಸಾಲದು. 2021ರ ನವೆಂಬರ್ ನೆನಪಿರುವವರಿಗೆ ಹೇಳಬೇಕಾಗಿಲ್ಲ. ನಕ್ಷೆಯಲ್ಲಿ ಬಂಗಾಳಕೊಲ್ಲಿಯ ಕಡೆ ಸುಳಿ ಕಂಡರೆ ಟಾರ್ಪಾಲು ಕಣದ ಬದಿಗೆ ತಂದಿಡುವುದು, ಅಷ್ಟೇ.

ಪಕ್ಕದ ತೋಟದ ಗೌಡರು ಈ ಕ್ರಮವನ್ನು ಒಪ್ಪುವುದಿಲ್ಲ. ಶಿವರಾತ್ರಿ ಕಳೆದರೆ ಅವರು ಯಾರನ್ನೂ ಕೇಳುವುದಿಲ್ಲ, ಪಂಪು ಹಾಕಿಬಿಡುತ್ತಾರೆ. ‘ನಿಮ್ಮ ಮೊಬೈಲು ಹೇಳುವಷ್ಟರಲ್ಲಿ ನನ್ನ ತೋಟದಲ್ಲಿ ಹೂ ಬಿಟ್ಟಿರುತ್ತದೆ ಸ್ವಾಮಿ’ ಎನ್ನುತ್ತಾರೆ. ಅವರ ಕೆರೆ ದೊಡ್ಡದು, ಬೇಸಿಗೆಯಲ್ಲೂ ಬತ್ತುವುದಿಲ್ಲ. ಅಂಥ ಕೆರೆ ಇರುವವರು ಇದನ್ನೆಲ್ಲ ಓದಬೇಕಾಗಿಯೇ ಇರಲಿಲ್ಲ.