ಪೊಕೆಮಾನ್ ಯುರೇನಿಯಂ: ಕೊಟ್ಟರೂ ಎರಡರಷ್ಟು, ತಿಂದರೂ ಎರಡರಷ್ಟು

ಅಭಿಮಾನಿಗಳೇ ಕಟ್ಟಿದ ಪುಕ್ಕಟೆ ಕಂಪ್ಯೂಟರ್ ಆಟ ಇದು, ಪೊಕೆಮಾನ್ ಎಂಬ ಪ್ರಾಣಿಗಳನ್ನು ಹಿಡಿದು ಕಾದಾಡಿಸುವುದು. ಟ್ಯಾಂಡರ್ ಎಂಬ ಕಾಲ್ಪನಿಕ ಪ್ರದೇಶ, ಗೆಲ್ಲಬೇಕಾದ 8 ಜಿಮ್, 150ಕ್ಕೂ ಹೆಚ್ಚು ಪೊಕೆಮಾನ್, ಗೇಮ್‌ಬಾಯ್ ಕಾಲದ ಚೌಕಳಿ ಚಿತ್ರ. ಇದೆಲ್ಲ ಡೌನ್‌ಲೋಡ್‌ಗೆ ಮೊದಲೇ ಗೊತ್ತಿರುತ್ತೆ, ಬಿಡಿ. ಈ ಆಟವನ್ನು ಮತ್ತೆ ಮೊದಲಿನಿಂದ ಶುರು ಮಾಡಿಸುವುದು ನ್ಯೂಕ್ಲಿಯರ್ ಟೈಪ್. ಅರ್ಧಕ್ಕೆ ಬಿಟ್ಟು ಏಳಿಸುವುದೂ ಅದೇ.

ಪ್ರತಿ ಪೊಕೆಮಾನ್‌ಗೆ ಒಂದೋ ಎರಡೋ ಟೈಪ್, ಅಂದರೆ ಬೆಂಕಿ, ನೀರು, ಉಕ್ಕಿನಂಥ ಗುಣ; ಪ್ರತಿ ದಾಳಿಗೂ ಒಂದು. ಯಾವುದರ ಮೇಲೆ ಯಾವುದು ಎಷ್ಟು ಪಟ್ಟು ಬೀಳುತ್ತೆ ಅನ್ನೋದೇ ಆಟ. ಲೆಕ್ಕ ಸರಳ. ನ್ಯೂಕ್ಲಿಯರ್ ದಾಳಿ ಸ್ಟೀಲ್ ಮತ್ತು ನ್ಯೂಕ್ಲಿಯರ್ ಬಿಟ್ಟು ಉಳಿದ ಎಲ್ಲ ಟೈಪಿಗೂ ಎರಡರಷ್ಟು ಬೀಳುತ್ತೆ. ಆ ಎರಡಕ್ಕೆ ಮಾತ್ರ ಅರ್ಧ. ಹಾಗೆಯೇ ನ್ಯೂಕ್ಲಿಯರ್ ಪೊಕೆಮಾನ್ ಮೇಲೆ ಬೇರೆ ಯಾವ ಟೈಪಿನ ದಾಳಿಯೂ ಎರಡರಷ್ಟು. ಕತ್ತಿ ಇದೆ, ಗುರಾಣಿ ಇಲ್ಲ.

ಇದರ ಬಿಸಿ ತಟ್ಟುವುದು ಆಟದ ಮೊದಲ ಹತ್ತು ನಿಮಿಷದಲ್ಲಿ ಮಾಡಿದ ಆಯ್ಕೆಗೆ, ಅಂದರೆ ಮೂರರಲ್ಲಿ ಒಂದಾಗಿ ಸಿಗುವ ಮೊದಲ ಪೊಕೆಮಾನ್‌ಗೆ. ರ‍್ಯಾಪ್ಟಾರ್ಚ್ ಫೈರ್-ಗ್ರೌಂಡ್, ಇಲೆಟಕ್ಸ್ ವಾಟರ್-ಎಲೆಕ್ಟ್ರಿಕ್. ಎರಡಕ್ಕೂ ಟೈಪ್ ಎರಡೆರಡು, ಹಾಗಾಗಿ ನ್ಯೂಕ್ಲಿಯರ್ ಹೊಡೆತ ಎರಡನ್ನು ಎರಡರಿಂದ ಗುಣಿಸಿ ನಾಲ್ಕರಷ್ಟು. ಆರ್ಕಿಂಕ್ಸ್ ಗ್ರಾಸ್-ಸ್ಟೀಲ್, ಗ್ರಾಸ್‌ನ ಎರಡನ್ನು ಸ್ಟೀಲ್‌ನ ಅರ್ಧ ನುಂಗಿಹಾಕುತ್ತೆ, ಉಳಿಯೋದು ಒಂದರಷ್ಟು. 80 ಪವರ್‌ನ ದಾಳಿಯನ್ನು ತೆಗೆದುಕೊಳ್ಳಿ. ಹೊಡೆಯುವವನೂ ನ್ಯೂಕ್ಲಿಯರ್ ಆದರೆ ತನ್ನದೇ ಟೈಪಿನ ದಾಳಿಗೆ ಸಿಗುವ ಒಂದೂವರೆ ಪಟ್ಟು ಸೇರಿ 120. ಆರ್ಕಿಂಕ್ಸ್‌ಗೆ ಅದು 120 ಆಗಿಯೇ ಬೀಳುತ್ತೆ, ರ‍್ಯಾಪ್ಟಾರ್ಚ್‌ಗೆ 480. ಲೆವೆಲ್ ಎಷ್ಟೇ ಏರಿಸಿ, 480ರ ಮುಂದೆ ನಿಲ್ಲೋದು ಕಷ್ಟ. ಆರ್ಕಿಂಕ್ಸ್ ಆರಿಸಿದವರು ಬೀಗಬೇಕಾಗಿಲ್ಲ, ಅದಕ್ಕೆ ಬೆಂಕಿ ನಾಲ್ಕರಷ್ಟು. ಆದರೆ ಎದುರಾಳಿ ಫೈರ್ ಆಗಿದ್ದರೆ ನೋಡಿದಾಗಲೇ ಊಹಿಸಬಹುದು, ಪೊಕೆಮಾನ್ ಬದಲಿಸಿಕೊಳ್ಳಬಹುದು.

ಎದುರಾಳಿಯ ಎರಡನೇ ಟೈಪ್ ನೋಡುವ ಅಭ್ಯಾಸ ಬೆಳೆಸಿಕೊಂಡರೆ ಈ ಭಾಗ ನಿಜಕ್ಕೂ ಮಜಾ ಕೊಡುತ್ತೆ. ನ್ಯೂಕ್ಲಿಯರ್ ಜೊತೆ ಫೈರ್ ಇದ್ದರೆ ವಾಟರ್ ದಾಳಿ ನಾಲ್ಕರಷ್ಟು. ಸ್ಟೀಲ್ ದಾಳಿ ಮಾತ್ರ ಬರೀ ಒಂದರಷ್ಟು, ಯಾಕಂದ್ರೆ ಫೈರ್ ಅದನ್ನು ಅರ್ಧಕ್ಕೆ ಇಳಿಸುತ್ತೆ. ಮೊದಲು ಹೊಡೆಯುವ ದಾಳಿಗಳಿಗೆ ಇಲ್ಲಿ ಚಿನ್ನದ ಬೆಲೆ. ಬೇರೆ ಕಡೆ ಯಾರೂ ಮೂಸಿ ನೋಡದ ಕ್ವಿಕ್ ಅಟ್ಯಾಕ್‌ಗೆ ಇರುವುದು 40 ಪವರ್. ನಾರ್ಮಲ್ ಪೊಕೆಮಾನ್ ಅದನ್ನು ಶುದ್ಧ ನ್ಯೂಕ್ಲಿಯರ್ ಮೇಲೆ ಬಿಟ್ಟರೆ 40 × 1.5 × 2, ಅಂದರೆ 120. ಅದೂ ಎದುರಾಳಿ ಅಲ್ಲಾಡುವ ಮೊದಲೇ. ಎರಡನೇ ಟೈಪ್ ಘೋಸ್ಟ್ ಆಗಿದ್ದರೆ ಮಾತ್ರ ಸೊನ್ನೆ.

ಇಷ್ಟು ಹೊಗಳಿ ಈಗ ದೂರು. ಇದೇ ಲೆಕ್ಕ ಹತ್ತಾರು ಗಂಟೆ ಕಳೆದ ಮೇಲೆ ಬೇಸರ ಹುಟ್ಟಿಸುತ್ತೆ. ಎರಡೂ ಕಡೆ ಎರಡರಷ್ಟು ಅಂದಾಗ ಯುದ್ಧದಲ್ಲಿ ಉಳಿಯುವ ಪ್ರಶ್ನೆ ಒಂದೇ: ಯಾರ ಸ್ಪೀಡ್ ಜಾಸ್ತಿ? ವಿಷ ಹಾಕಿ ಕಾಯೋದು, ಡಿಫೆನ್ಸ್ ಏರಿಸಿಕೊಂಡು ಕೂರೋದು ಇಂಥ ನಿಧಾನದ ಪಟ್ಟುಗಳಿಗೆಲ್ಲ ಜಾಗವೇ ಇಲ್ಲ. ತಂಡದಲ್ಲಿ ಇಬ್ಬರು ಸ್ಟೀಲ್, ಒಬ್ಬ ವೇಗಿ ಕಡ್ಡಾಯ ಅನ್ನೋ ಹಾಗಾಗಿ, ಆರರಲ್ಲಿ ಮೂರು ಸೀಟು ಮೊದಲೇ ರಿಸರ್ವ್ ಆದಂತೆ. ನ್ಯೂಕ್ಲಿಯರ್‌ಗೆ ಇನ್ನೊಂದೆರಡು ಟೈಪ್ ಅಡ್ಡ ನಿಲ್ಲುವಂತಿದ್ದರೆ ಸಾಕಿತ್ತು.

ಇನ್ನು ಸೇವ್ ವಿಷಯ. ಆಟ ಕಟ್ಟಿರುವುದು ಆರ್‌ಪಿಜಿ ಮೇಕರ್ ಎಕ್ಸ್‌ಪಿಯಲ್ಲಿ. ಆ ಎಂಜಿನ್ನಿನಲ್ಲಿ ಎಫ್12 ಅಂದರೆ ರೀಸೆಟ್: "ಖಂಡಿತವಾ?" ಅಂತ ಒಂದು ಮಾತೂ ಕೇಳದೆ ಟೈಟಲ್ ಪರದೆಗೆ ಎಸೆಯುತ್ತೆ, ಸೇವ್ ಮಾಡದ ಆಟವೆಲ್ಲ ಹೋಯಿತು. ಎಫ್12 ಒತ್ತಿ ಸ್ಕ್ರೀನ್‌ಶಾಟ್ ತೆಗೆದು ರೂಢಿಯಾದ ಬೆರಳುಗಳಿಗೆ ಇದು ಶಾಪ. ಕೀ ಬದಲಿಸುವ ಯಾವುದಾದರೂ ಪುಟ್ಟ ತಂತ್ರಾಂಶದಲ್ಲಿ ಆ ಕೀಯನ್ನು ಸತ್ತಂತೆ ಮಾಡಿಟ್ಟು ಕೂರುವುದೇ ವಾಸಿ.

ಆಟ ಮುಚ್ಚಿದ ಮೇಲಿನ ಪೂಜೆ ಹೀಗೆ. ವಿಂಡೋಸ್‌ನ ಸೇವ್ಡ್ ಗೇಮ್ಸ್ ಫೋಲ್ಡರಿನಲ್ಲಿ ಆಟದ ಹೆಸರಿನ ಫೋಲ್ಡರ್ ತೆಗೆಯಿರಿ, ಆರ್‌ಎಕ್ಸ್‌ಡೇಟಾ ಕಡತವನ್ನು (ಸೇವ್ ಇರೋದು ಅದರಲ್ಲೇ) ಬೇರೆ ಕಡೆ ನಕಲು ಮಾಡಿ, ಹೆಸರಿನ ಕೊನೆಗೆ ತಾರೀಖು ಸೇರಿಸಿ. ಅರ್ಧ ನಿಮಿಷದ ಕೆಲಸ. ಸೇವ್ ಆಗುತ್ತಿರುವಾಗ ಕರೆಂಟ್ ಹೋದರೆ ಕಡತ ಅರ್ಧ ಬರೆದು ನಿಲ್ಲುತ್ತೆ, ಮತ್ತೆ ತೆರೆಯೋದಿಲ್ಲ. ಪ್ಯಾಚ್, ಅಂದರೆ ಆಟದ ತಿದ್ದುಪಡಿ ಹಾಕುವ ಮುಂಚೆಯಂತೂ ಮರೆಯಲೇಬಾರದು. ಈ ಎಂಜಿನ್ ಆಟದ ಸ್ಥಿತಿಯನ್ನು ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ವಸ್ತುಗಳಾಗಿ ಇದ್ದದ್ದು ಇದ್ದ ಹಾಗೆಯೇ ಕಟ್ಟಿಡುತ್ತೆ. ಹೊಸ ಸ್ಕ್ರಿಪ್ಟಿನಲ್ಲಿ ಆ ವಸ್ತುವಿನ ರಚನೆ ಬದಲಾಗಿದ್ದರೆ ಹಳೇ ಸೇವ್ ಬಿಚ್ಚುವಾಗ ಎಡವುತ್ತೆ. ಬಿಡಿ, ಹವ್ಯಾಸಿಗಳ ಕೈಕೆಲಸ ಇದು. ಸುಮಾರು 9 ವರ್ಷ ಕೂತು ಮಾಡಿ 2016ರ ಆಗಸ್ಟ್‌ನಲ್ಲಿ ಹೊರತಂದರು. 15 ಲಕ್ಷ ಡೌನ್‌ಲೋಡ್ ಆಗುವಷ್ಟರಲ್ಲಿ ನಿಂಟೆಂಡೊ ಕಂಪನಿಯ ವಕೀಲರ ನೋಟಿಸಿನಿಂದ ಕೊಂಡಿ ತೆಗೆಯಬೇಕಾಯಿತು. ಪುಕ್ಕಟೆ ಆಟವೊಂದರಿಂದ ಇದಕ್ಕಿಂತ ಹೆಚ್ಚಿನ ನಯ ಕೇಳೋಕೆ ಬಾಯಿ ಬರಲ್ಲ.

ಶುರುವಿನಲ್ಲೇ ನಝ್‌ಲಾಕ್ ಆಯ್ಕೆ ಇದೆ, ಸೋತು ಬಿದ್ದ ಪೊಕೆಮಾನ್ ಮತ್ತೆ ಸಿಗದು. ಅದನ್ನು ಒತ್ತುವವರು ಆರ್ಕಿಂಕ್ಸ್ ತೆಗೆದುಕೊಳ್ಳಿ. ರ‍್ಯಾಪ್ಟಾರ್ಚ್ ಮುದ್ದಾಗಿದೆ ಅನ್ನಿಸಿದರೆ ಮಾಮೂಲಿ ಮೋಡ್‌ನಲ್ಲಿ ಸಾಕಿಕೊಳ್ಳಿ, ನ್ಯೂಕ್ಲಿಯರ್ ಎದುರು ಬಂದಾಗ ಅದನ್ನು ಇಟ್ಟಿರುವ ಚೆಂಡಿನಿಂದ (ಪೊಕೆ ಬಾಲ್) ಹೊರಗೆ ಬಿಡಬೇಡಿ.