ಖಾಲಿ ರಸ್ತೆ ಯಾಕೆ ಖಾಲಿ: ವಡ್ಡಿ ಘಟ್ಟ, ಹೆಗ್ಗರಣಿಯ ಬೆಟ್ಟದ ದಾರಿ, ಅಘನಾಶಿನಿಯ ಗಜನಿ ಒಡ್ಡು

ಉತ್ತರ ಕನ್ನಡದಲ್ಲಿ ಘಟ್ಟದ ಮೇಲಿಂದ ಕರಾವಳಿಗೆ ಗ್ರಾವೆಲ್ ಸೈಕಲ್ (ಜಲ್ಲಿ, ಮಣ್ಣುದಾರಿಗೆಂದು ಅಗಲ ಟೈರು ಹಾಕಿದ ಸೈಕಲ್) ಹೊಡೆಯಬೇಕು ಎಂದಾಗ ಮೊದಲು ನೆನಪಾಗುವುದು ಶಿರಸಿ–ಕುಮಟಾ ರಸ್ತೆಯ ದೇವಿಮನೆ ಘಟ್ಟ. ಅದೀಗ ಹೆದ್ದಾರಿ. ಅರಬೈಲು ಘಟ್ಟದಲ್ಲಿ ಹುಬ್ಬಳ್ಳಿ–ಅಂಕೋಲಾ ಲಾರಿಗಳ ಸಾಲು ಮುಗಿಯುವುದೇ ಇಲ್ಲ. ಕಾರವಾರದ ಕಡೆಯವರು ಹೇಳುವ ಅಣಶಿ ಘಟ್ಟ ಚಂದವೇ, ಆದರೆ ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಟಾರು ಬಿಟ್ಟು ಒಳದಾರಿಗೆ ಚಕ್ರ ಇಳಿಸಿದರೆ ಅರಣ್ಯ ಇಲಾಖೆಗೆ ಉತ್ತರ ಕೊಡಬೇಕಾಗುತ್ತದೆ. ಹೀಗೆ ಸೋಸಿದಾಗ ಉಳಿಯುವುದು ಮೂರು ದಾರಿ: ಘಟ್ಟ ಇಳಿಯಲು ವಡ್ಡಿ, ಘಟ್ಟದ ಮೇಲೇ ಸುತ್ತಲು ಹೆಗ್ಗರಣಿ, ಕೆಳಗೆ ಅಘನಾಶಿನಿ ದಡದ ಗಜನಿ (ಉಬ್ಬರದ ಉಪ್ಪುನೀರು ಬರುವ ಗದ್ದೆ ಬಯಲು). ಮೂರರಲ್ಲೂ ವಾಹನ ಕಡಿಮೆ. ಆದರೆ ಒಂದೊಂದು ಒಂದೊಂದು ಕಾರಣಕ್ಕೆ ಖಾಲಿ, ಮತ್ತು ಆ ಕಾರಣವೇ ಸೈಕಲ್ಲಿನವನ ತಲೆನೋವು. ಹೋಲಿಸುವಾಗ ನಾವು ನೋಡಿದ್ದು ಅದನ್ನೇ.

ವಡ್ಡಿ ಘಟ್ಟ ಖಾಲಿ ಇರುವುದು ಕಡಿದಾಗಿರುವುದರಿಂದ. ಶಿರಸಿ ಪೇಟೆ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ದೇವನಳ್ಳಿಯ ಕಡೆಯಿಂದ ಹೋಗಿ ಅಚವೆಯತ್ತ ಇಳಿಯುವ ಈ ದಾರಿ ಆ ಎತ್ತರದ ಬಹುಪಾಲನ್ನು ಘಟ್ಟದ ತಿರುವುಗಳಲ್ಲೇ ಕಳೆದುಬಿಡುತ್ತದೆ. ಒಂದಷ್ಟು ಟಾರು, ಒಂದಷ್ಟು ಕಾಂಕ್ರೀಟು, ನಡುನಡುವೆ ಜಲ್ಲಿ ಎದ್ದುಬಂದ ಹಳೇ ರಸ್ತೆ. ತಪ್ಪಾಗುವುದು ಈ ಮೂರೂ ಸೇರುವ ಜಾಗದಲ್ಲೇ. ಕಾಂಕ್ರೀಟಿನ ಮೇಲೆ ವೇಗ ಏರಿರುತ್ತದೆ, ತಿರುವಿನಾಚೆ ತುಂಡು ಮುಗಿದು ನಾಲ್ಕು ಬೆರಳು ಕೆಳಗೆ ಸಡಿಲ ಜಲ್ಲಿ ಶುರುವಾಗುತ್ತದೆ. ಅಲ್ಲಿ ಮುಂದಿನ ಬ್ರೇಕ್ ಒತ್ತಿದವರು ಬಿದ್ದೇ ಬೀಳುತ್ತಾರೆ. ವೇಗವನ್ನೆಲ್ಲ ಗಟ್ಟಿ ನೆಲದ ಮೇಲೇ ಕಳೆದುಕೊಳ್ಳಿ, ಜಲ್ಲಿಗೆ ಬಂದಾಗ ಬ್ರೇಕ್ ಬಿಟ್ಟು ಮೈಭಾರ ಹಿಂದಕ್ಕೆ ಹಾಕಿ.

ಇಳಿಯುವಾಗ ಬ್ರೇಕನ್ನು ಉದ್ದಕ್ಕೂ ಹಿಡಿದುಕೊಂಡೇ ಇರುವುದು ಎರಡನೇ ತಪ್ಪು. ಡಿಸ್ಕ್ ತಣಿಯಲು ಸಮಯವೇ ಸಿಗುವುದಿಲ್ಲ. ರೆಸಿನ್ ಪ್ಯಾಡಿನ ಮೇಲ್ಮೈ ಗಾಜಿನ ಹಾಗೆ ನುಣುಪಾಗಿ, ಲಿವರ್ ಎಷ್ಟು ಒತ್ತಿದರೂ ಕಿರ್ ಅನ್ನುತ್ತದೆಯೇ ಹೊರತು ಸೈಕಲ್ ನಿಲ್ಲುವುದಿಲ್ಲ. ಎರಡು ಸೆಕೆಂಡು ಬಲವಾಗಿ ಒತ್ತಿ, ಮೂರ್ನಾಲ್ಕು ಸೆಕೆಂಡು ಪೂರ್ತಿ ಬಿಡಿ. ಹೊರಡುವ ಮೊದಲು ಪ್ಯಾಡಿನ ದಪ್ಪ ನೋಡಿ. ಒಂದು ಮಿಲಿಮೀಟರಿನ ಹತ್ತಿರ ಬಂದಿದ್ದರೆ ಮನೆಯಲ್ಲೇ ಬದಲಿಸಿ. ಈ ಘಟ್ಟಕ್ಕೆ ಮೆಟಲ್ ಪ್ಯಾಡೇ ಸರಿ. ಸದ್ದು ಮಾಡುತ್ತದೆ, ಮಾಡಲಿ.

ಹತ್ತುವವರಿಗೆ ಗೇರಿನ ಲೆಕ್ಕ. ಮುಂದೆ 40 ಹಲ್ಲು, ಹಿಂದೆ 42 ಇದ್ದರೆ ನಿಮಿಷಕ್ಕೆ 60 ಸುತ್ತು ತುಳಿದಾಗ ಗಂಟೆಗೆ ಏಳೂವರೆ ಕಿಲೋಮೀಟರ್ ಸಿಗುತ್ತದೆ. ನೂರಕ್ಕೆ 12ರ ಏರಿನಲ್ಲಿ ಸೈಕಲ್ಲೂ ಸೇರಿ 85 ಕಿಲೋ ತೂಕವನ್ನು ಆ ವೇಗದಲ್ಲಿ ಸಾಗಿಸಲು ಹೆಚ್ಚುಕಡಿಮೆ 240 ವಾಟ್ ಬೇಕು. ಹವ್ಯಾಸಕ್ಕೆ ಸೈಕಲ್ ಹೊಡೆಯುವವರಲ್ಲಿ ಅಷ್ಟು ಹೊತ್ತು ಅಷ್ಟು ಬಲ ಕೊಡಬಲ್ಲವರು ಕಡಿಮೆ. ಹಾಗೆಂದು ಎದ್ದುನಿಂತು ತುಳಿದರೆ ಹಿಂದಿನ ಚಕ್ರದ ಮೇಲಿನ ಭಾರ ಹೋಗಿ ಜಲ್ಲಿಯಲ್ಲಿ ಗಿರ್ರನೆ ತಿರುಗುತ್ತದೆ. ಮುಂದೆ 30–32 ಹಲ್ಲು ಇದ್ದವರು ಮಾತ್ರ ಹತ್ತಿ. ಉಳಿದವರು ಇಳಿಯಲು ಇಟ್ಟುಕೊಳ್ಳಿ. ಕೆಳಗೆ ಮಾಬಗಿಯ ವಿಭೂತಿ ಜಲಪಾತ, ಇನ್ನೊಂದು ದಿಕ್ಕಿನಲ್ಲಿ ಯಾಣ ಇರುವುದರಿಂದ ಭಾನುವಾರ ಮತ್ತು ಸಾಲು ರಜೆಯಲ್ಲಿ ಕೆಳಭಾಗಕ್ಕೆ ಕಾರುಗಳು ಬರುತ್ತವೆ. ಖಾಲಿ ದಾರಿ ಬೇಕೆಂದರೆ ವಾರದ ನಡುವೆ ಹೋಗಿ. ಮಳೆಗಾಲದಲ್ಲಂತೂ ಬೇಡ: ಕಾಂಕ್ರೀಟಿನ ಮೇಲೆ ಹಸಿರು ಪಾಚಿ, ಅದರ ಮೇಲೆ ನೀರು, ಇಳಿದು ನಿಂತರೆ ಉಂಬಳ (ಜಿಗಣೆ).

ಹೆಗ್ಗರಣಿ ಸುತ್ತಿನ ದಾರಿಗಳು ಖಾಲಿ ಇರುವುದು ಅವು ಯಾರದೋ ಮನೆಯ ಅಂಗಳದಲ್ಲಿ ಮುಗಿಯುವುದರಿಂದ. ಶಿರಸಿಯಿಂದ ಕುಮಟಾ ರಸ್ತೆಯಲ್ಲಿ ಬಂದು ಅಮ್ಮಿನಳ್ಳಿಯಲ್ಲಿ ಎಡಕ್ಕೆ ಹೊರಳಿದರೆ ಉಂಚಳ್ಳಿ ಜಲಪಾತದ ದಾರಿ. ಅಘನಾಶಿನಿ ನದಿ ಅಲ್ಲಿ 116 ಮೀಟರ್ ಧುಮುಕುತ್ತದೆ. ಜಲಪಾತದ ರಸ್ತೆಯಲ್ಲಿ ಗ್ರಾವೆಲ್‌ನವರಿಗೆ ಏನೂ ಇಲ್ಲ. ಅದರಿಂದ ಒಡೆದು ಅಡಿಕೆ ತೋಟಗಳಿಗೆ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟಗಳಿಗೆ ಹೋಗುವ ಕೆಂಪು ಕವಲುಗಳಲ್ಲೇ ಮಜಾ ಇರುವುದು. ಏರಿಳಿತ ಸಣ್ಣಸಣ್ಣದು, ಆದರೆ ಎಡೆಬಿಡದೆ ಬರುತ್ತದೆ: ತೋಟಕ್ಕೊಮ್ಮೆ ಇಳಿ, ಬೆಟ್ಟಕ್ಕೊಮ್ಮೆ ಹತ್ತು. 30 ಕಿಲೋಮೀಟರಿಗೆ ಮೂರು ಗಂಟೆ ಇಟ್ಟುಕೊಳ್ಳಿ.

ಇಲ್ಲಿ ಮೊಬೈಲ್ ನಕ್ಷೆ ನಂಬಿದವರು ಕೆಡುತ್ತಾರೆ. ನಕ್ಷೆಯಲ್ಲಿ ಒಂದೇ ದಪ್ಪದ ಗೆರೆ. ನೆಲದ ಮೇಲೆ ಅದು ತೋಟದಂಚಿಗೆ ಕಾಲುದಾರಿಯಾಗಿ, ಹಳ್ಳದ ಹತ್ತಿರ ಎರಡು ಅಡಿಕೆ ಮರ ಅಡ್ಡ ಹಾಕಿದ ಸಂಕವಾಗಿ ಬದಲಾಗಿರುತ್ತದೆ. ಸಂಕದ ಮೇಲೆ ಸೈಕಲ್ ಹೊತ್ತುಕೊಂಡೇ ದಾಟಿ, ಶೂವಿನಡಿಯ, ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟಿಗೆ ಲೋಹದ ಹಲ್ಲಿದ್ದರೆ ಶೂ ಬಿಚ್ಚಿ. ದಣಪೆ ಇನ್ನೊಂದು ವಿಷಯ. ಎರಡು ಕಂಬಗಳ ತೂತಿಗೆ ಅಡ್ಡಲಾಗಿ ಗಳ (ಉದ್ದ ಕೋಲು) ತೂರಿಸಿದ ಈ ಬೇಲಿಬಾಗಿಲನ್ನು ತೆರೆಯುವಾಗ ಮೇಲಿನ ಗಳದಿಂದ ಶುರುಮಾಡಿ, ಒಂದು ಬದಿಗೆ ಪೂರ್ತಿ ಸರಿಸಿದರೆ ಇನ್ನೊಂದು ತುದಿ ತಾನೇ ಕಳಚುತ್ತದೆ. ದಾಟಿದ ಮೇಲೆ ಕೆಳಗಿನದರಿಂದ ಹಾಕುತ್ತ ಬನ್ನಿ. ಒಂದೇ ಒಂದು ಗಳ ಬಿಟ್ಟರೂ ದನ ತೋಟಕ್ಕೆ ನುಗ್ಗುತ್ತದೆ, ಆಮೇಲೆ ಆ ಕೇರಿಯಲ್ಲಿ ಸೈಕಲ್ಲಿನವರಿಗೆ ನೀರೂ ಸಿಗುವುದಿಲ್ಲ. ದಾರಿ ಅಂಗಳಕ್ಕೇ ಬಂದರೆ ಇಳಿದು, ‘ಹೆಗಡೇರೆ, ಈ ಬದಿಯಿಂದ ಮುಂದೆ ಹೋಗಬಹುದಾ?’ ಎಂದು ಕೇಳಿದರೆ ಸಾಕು. ಬಹಳ ಕಡೆ ದಾರಿಯ ಜೊತೆಗೆ ಮಜ್ಜಿಗೆಯೂ ಸಿಗುತ್ತದೆ.

ನವೆಂಬರಿನಿಂದ ಅಡಿಕೆ ಕೊಯ್ಲು. ಅಡಿಕೆ ಗೊನೆ ತುಂಬಿದ ಪಿಕಪ್ ಗಾಡಿಗಳು ಕುರುಡು ತಿರುವಿನಲ್ಲಿ ಎದುರಾಗುತ್ತವೆ. ಜನವರಿ ಕಳೆದ ಮೇಲೆ ದರಕು (ಒಣಗಿದ ಎಲೆ) ಉದುರಿ ರಸ್ತೆ ಮುಚ್ಚುತ್ತದೆ. ಗುಡಿಸಿ ಒಯ್ದ ಕಡೆ ನೆಲ ಕಾಣುತ್ತದೆ, ಗುಡಿಸದ ಕಡೆ ಒಣ ಎಲೆಯಡಿ ಬೇರು, ನೀರು ಹೋಗಲು ಅಡ್ಡ ಕಡಿದ ಗಟಾರ, ಸೀಳಿದ ಬಿದಿರಿನ ಮೊನೆ ಎಲ್ಲ ಅಡಗಿರುತ್ತವೆ. ಎಲೆಯ ಕೆಳಗಿನ ಚಿರೇಕಲ್ಲಿನ ಹರಳಂತೂ ಕಡಲೆ ಚೆಲ್ಲಿದ ನೆಲ. ಸಿದ್ದಾಪುರ ತಾಲ್ಲೂಕಿನಲ್ಲಿ ಮಂಗನ ಕಾಯಿಲೆ ಇದೆ. ಅದನ್ನು ಹರಡುವ ಉಣುಗು (ಉಣ್ಣೆ ಹುಳ) ಹೆಚ್ಚುವುದೂ ಇದೇ ಒಣ ತಿಂಗಳುಗಳಲ್ಲಿ. ದರಕಿನ ಮೇಲೆ ಕೂರಬೇಡಿ, ಉದ್ದ ಕಾಲುಚೀಲ ಹಾಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ. ಮಂಗ ಸತ್ತ ಸುದ್ದಿ ಇರುವ ಕಾಡಿನ ಕಡೆ ಆ ವರ್ಷ ಹೋಗಲೇಬೇಡಿ.

ಮೂರನೆಯದು ಗಜನಿ. ಕುಮಟಾದಿಂದ ಹೆಗಡೆ, ಲುಕ್ಕೇರಿ, ಮಾಣಿಕಟ್ಟಾ, ಕಾಗಾಲದ ಕಡೆಯಿಂದ ಅಘನಾಶಿನಿ ಊರಿನತ್ತ. ಹಳ್ಳಿ ರಸ್ತೆ ಮತ್ತು ಗಜನಿ ಒಡ್ಡುಗಳನ್ನು ಜೋಡಿಸಿಕೊಂಡು ಹೋಗುವ ದಾರಿ. ಒಂದು ಕಡೆ ಉಪ್ಪುನೀರು, ಇನ್ನೊಂದು ಕಡೆ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವ ಗದ್ದೆ. ಏರು ಎಂಬುದಿಲ್ಲ. ಒಡ್ಡು ಕಿರಿದು, ಅದಕ್ಕೇ ಖಾಲಿ. ಅದೇ ಕಾರಣಕ್ಕೆ ತಪ್ಪಿದರೆ ಕೆಸರಿಗೇ. ತೂಬು ಇರುವಲ್ಲಿ ಹಲಗೆ ಅಥವಾ ಕಲ್ಲುಚಪ್ಪಡಿಯಷ್ಟೇ, ಅಲ್ಲಿ ಇಳಿದು ತಳ್ಳಿ. ಒಡ್ಡು ಬಳಚು (ಚಿಪ್ಪಿನ ಮೀನು) ಹೆಕ್ಕುವವರ, ಸಿಗಡಿ ಹಿಡಿಯುವವರ ಕೆಲಸದ ಜಾಗ, ಬೆಲ್ ಬಾರಿಸಿ ದಾರಿ ಬಿಡಿ ಅನ್ನುವ ಹಕ್ಕು ನಮಗಿಲ್ಲ.

ಅಮಾವಾಸ್ಯೆ–ಹುಣ್ಣಿಮೆಯ ಆಚೀಚೆ ಭರತ (ಸಮುದ್ರದ ಉಬ್ಬರ) ಜೋರು. ತಗ್ಗಾದ ಒಡ್ಡಿನ ಮೇಲೆ ನೀರು ಹರಿದು ಜೇಡಿಮಣ್ಣು ಸೋಪಿನ ಹಾಗಾಗುತ್ತದೆ, ಟೈರಿನ ಹಲ್ಲೆಲ್ಲ ತುಂಬಿ ಚಕ್ರ ಫ್ರೇಮಿಗೆ ಕಚ್ಚುತ್ತದೆ. ಇಳಿತ ಶುರುವಾಗಿ ಎರಡು ಗಂಟೆಯ ಮೇಲೆ ಹೊರಡಿ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ಕಳೆದ ವಾರದ ಸಮಯ ಈ ವಾರಕ್ಕೆ ಬರುವುದಿಲ್ಲ. ಟೈರಿನ ನಿಜವಾದ ಶತ್ರು ಬಳಚಿನ ಚಿಪ್ಪು. ಬಿದಿರು ಮುಳ್ಳಿನ ತೂತನ್ನು ಟ್ಯೂಬ್‌ಲೆಸ್ ಟೈರಿನೊಳಗೆ ಹಾಕುವ ಸೀಲೆಂಟ್ ದ್ರವ ಮುಚ್ಚಿಬಿಡುತ್ತದೆ; ಚಿಪ್ಪು ಮಾತ್ರ ಟೈರಿನ ಪಕ್ಕೆಯನ್ನು ಸೀಳುತ್ತದೆ, ಆರು ಮಿಲಿಮೀಟರ್ ಸೀಳಿಗೆ ಸೀಲೆಂಟ್ ಸಾಲದು. ಹಳೇ ಟೈರಿನಿಂದ ಎರಡು ಇಂಚಿನ ತುಂಡೊಂದನ್ನು ಕತ್ತರಿಸಿ ಇಟ್ಟುಕೊಂಡಿದ್ದರೆ, ಒಳಗಿಂದ ಕೊಟ್ಟು ಟ್ಯೂಬ್ ಹಾಕಿ ಮನೆ ಮುಟ್ಟಬಹುದು.

70 ಕಿಲೋ ತೂಕದವರಿಗೆ 45 ಮಿಲಿಮೀಟರ್ ಟ್ಯೂಬ್‌ಲೆಸ್ ಟೈರಿನಲ್ಲಿ ನಮಗೆ ಹಿಡಿಸಿದ ಗಾಳಿ: ವಡ್ಡಿಗೆ ಮುಂದೆ 30, ಹಿಂದೆ 33 ಪಿಎಸ್ಐ, ಹೆಗ್ಗರಣಿಗೆ 27, 30, ಗಜನಿಗೆ 24, 27. ಒಳಗೆ ಟ್ಯೂಬ್ ಇದ್ದರೆ ಪ್ರತಿಯೊಂದಕ್ಕೂ ಎಂಟು ಸೇರಿಸಿ, ಇಲ್ಲವಾದರೆ ಕಲ್ಲಿಗೆ ಬಡಿದು ಟ್ಯೂಬಿನಲ್ಲಿ ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ. ಸೀಲೆಂಟ್ ಚಕ್ರಕ್ಕೆ 60ರಿಂದ 80 ಮಿಲಿಲೀಟರ್. ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ತೆಗೆದು ನೋಡಿ, ಕರಾವಳಿಯ ಸೆಕೆಗೆ ಬೇಗ ಒಣಗುತ್ತದೆ.

ಒಂದೇ ದಿನ ಇರುವವರಿಗೆ, ಡಿಸೆಂಬರಿನಲ್ಲಾದರೆ, ನಾವು ಹೇಳುವುದು ಹೆಗ್ಗರಣಿಯನ್ನೇ. ತಪ್ಪಿದರೂ ಅಲ್ಲಿ ಪೆಟ್ಟು ಕಡಿಮೆ. ಬ್ರೇಕಿನ ಮೇಲೆ ನಂಬಿಕೆ ಇದ್ದವರಿಗೆ ವಡ್ಡಿ. ಮಕ್ಕಳಿದ್ದರೆ, ಹೊಸಬರಿದ್ದರೆ ಗಜನಿ, ಒಡ್ಡು ಬಿಟ್ಟು ಹಳ್ಳಿ ರಸ್ತೆಯಲ್ಲಿ. ಅಘನಾಶಿನಿಯಿಂದ ದೋಣಿ ಹತ್ತಿ ತದಡಿಗೆ ದಾಟಿದರೆ ಗೋಕರ್ಣ ಹತ್ತಿರ. ದೋಣಿಯಲ್ಲಿ ಸೈಕಲ್ ಮಲಗಿಸುವಾಗ ಗೇರಿನ ಬದಿ ಮೇಲಿರಲಿ. ಅಡಿ ಸಿಕ್ಕರೆ ಹಿಂದಿನ ಗೇರನ್ನು ಹಿಡಿದಿರುವ ಹ್ಯಾಂಗರ್ ಬಾಗಿ, ಆಚೆ ದಡದಲ್ಲಿ ಸರಪಳಿ ಚಕ್ರದ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ. ಮನೆ ಮುಟ್ಟಿದ ರಾತ್ರಿಯೇ ಸಿಹಿನೀರಿನಿಂದ ತೊಳೆದು, ಒರೆಸಿ, ಸರಪಳಿಗೆ ಎಣ್ಣೆ ಹಾಕಿ. ಬೆಳಿಗ್ಗೆ ನೋಡಿದರಾಯಿತು ಎಂದರೆ ಕೊಂಡಿಗಳು ಅಷ್ಟರಲ್ಲೇ ಕೆಂಪಾಗಿರುತ್ತವೆ.