ಕೋಳಿಗೂಡಿಗೆ ಹಾಕಿ ನೋಡಿದ ನಾಲ್ಕು ಚೀಲ

ನಮ್ಮದು ಫಾರ್ಮ್ ಅಲ್ಲ. ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಬದಿಯಲ್ಲಿ ಹದಿನಾಲ್ಕು ಕೋಳಿ. ಎಂಟು ಊರ ಕೋಳಿ, ಆರು ಗ್ರಾಮಶ್ರೀ ತಳಿಯವು. ಗೂಡು ಹತ್ತು ಅಡಿ ಉದ್ದ, ಆರು ಅಡಿ ಅಗಲ. ಮೇಲೆ ಶೀಟು, ಕೆಳಗೆ ಸಿಮೆಂಟು ನೆಲ. ಕಳೆದ ವರ್ಷ ಜೂನಿನಿಂದ ಆ ನೆಲಕ್ಕೆ ನಾಲ್ಕು ಬಗೆಯ ಹಾಸು, ಅಂದರೆ ಹಿಕ್ಕೆಯ ಒದ್ದೆ ಹೀರಲು ಹರಡುವ ಪದರ, ಹಾಕಿ ನೋಡಿದ್ದೇನೆ. ಆನ್‌ಲೈನಿನಲ್ಲಿ ತರಿಸಿದ್ದು ಒಂದು, ತೆಂಗಿನ ನಾರಿನ ಹುಡಿ ಒಂದು, ಮರದ್ದು ಒಂದು, ಅಕ್ಕಿ ಮಿಲ್ಲಿನ ಉಮಿ ಒಂದು. ಯಾವುದಕ್ಕೆ ದುಡ್ಡು ಹಾಕಬಹುದು, ಯಾವುದಕ್ಕೆ ಬೇಡ ಅಂತ ಹೇಳುತ್ತೇನೆ.

ಅಮ್ಮ ಸಾಕುತ್ತಿದ್ದಾಗ ಹಾಸು ಅಂತ ಒಂದು ಇರಲೇ ಇಲ್ಲ. ನಾಲ್ಕು ಕಾಲಿನ ಮೇಲೆ ನಿಂತ ಮರದ ಗೂಡು, ತಳಕ್ಕೆ ಸಂದು ಬಿಟ್ಟು ಜೋಡಿಸಿದ ಅಡಿಕೆ ದಬ್ಬೆ. ಹಿಕ್ಕೆ ಸಂದಿನಿಂದ ಕೆಳಗೆ ಬೀಳುತ್ತಿತ್ತು, ಬೆಳಿಗ್ಗೆ ಅಮ್ಮ ಅದರ ಮೇಲೆ ಬೂದಿ ಎರಚಿ ಗೋರಿ ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಸಿಮೆಂಟು ನೆಲ ಮಾಡಿಸಿದ ಬುದ್ಧಿವಂತ ನಾನು. ಕೀರಿ ಕೊರೆದು ಬರಬಾರದು ಅಂತ. ಕೀರಿ ಬರಲಿಲ್ಲ, ಹಾಸಿನ ತಲೆನೋವು ಬಂತು. "ದನದ ಹಟ್ಟಿಗೆ ಸೊಪ್ಪು ಹಾಕುವುದು ಗೊತ್ತು, ಕೋಳಿಗೆ ದುಡ್ಡು ಕೊಟ್ಟು ಹಾಸಿಗೆಯಾ" ಅಂತ ಅಮ್ಮ ಈಗಲೂ ನಗುತ್ತಾರೆ.

ಮೊದಲು ಆನ್‌ಲೈನಿನ ಪ್ಯಾಕೆಟ್. ಎರಡು ಕೆಜಿಗೆ 449 ರೂಪಾಯಿ. ಮೇಲೆ ದೊಡ್ಡದಾಗಿ 'ನೂರಕ್ಕೆ ನೂರು ನ್ಯಾಚುರಲ್' ಅಂತ ಬರೆದಿತ್ತು, ಪಕ್ಕದಲ್ಲಿ ನಗುವ ಹುಂಜದ ಚಿತ್ರ. ಬಿಚ್ಚಿದರೆ ಒಳಗೆ ಕತ್ತರಿಸಿದ ಬೈಹುಲ್ಲು! ಅದಕ್ಕೆ ಏನೋ ಪರಿಮಳದ ಎಣ್ಣೆ ಬೇರೆ ಚಿಮುಕಿಸಿದ್ದರು. ಕೋಳಿಯ ಮೂಗು, ಶ್ವಾಸಕೋಶ ತುಂಬ ಸೂಕ್ಷ್ಮ, ಅವಕ್ಕೆ ಸೆಂಟು ಯಾಕೆ ಹೇಳಿ. ಗೂಡಿನ ಮೂರನೇ ಒಂದು ಪಾಲು ಕೂಡ ಮುಚ್ಚಲಿಲ್ಲ. ಹುಲ್ಲಿನ ಕಡ್ಡಿ ಒಳಗೆ ಟೊಳ್ಳು, ನೀರು ಒಳಗೇ ನಿಲ್ಲುತ್ತದೆ, ಮೇಲೆ ಕೋಳಿ ತುಳಿದು ತುಳಿದು ಚಾಪೆಯ ಹಾಗೆ ಆಗುತ್ತದೆ. ಮೇಲಿನಿಂದ ನೋಡಿದರೆ ಒಣಗಿದ ಹಾಗೆಯೇ ಇತ್ತು. ಐದನೇ ದಿನ ಕೋಲಿನಲ್ಲಿ ಎತ್ತಿದರೆ ಅಡಿಯಲ್ಲಿ ಬೆಳ್ಳಗೆ ಬೂಷ್ಟು. ಜೂನ್ ತಿಂಗಳು ಅಲ್ವಾ, ನಮ್ಮ ಮನೆಯ ಚಪ್ಪಲಿಗೇ ಬೂಷ್ಟು ಬರುವ ಹೊತ್ತು. ಮಾರಿದವರಿಗೆ ಫೋಟೋ ಕಳಿಸಿದೆ. ನ್ಯಾಚುರಲ್ ಆದ ಕಾರಣ ಬೂಷ್ಟು ಬರುವುದು ಸಹಜ ಅಂತ ಉತ್ತರ ಬಂತು. ದುಡ್ಡು ವಾಪಸ್ ಬರಲಿಲ್ಲ.

ಬೂಷ್ಟನ್ನು ನಾನು ಯಾಕೆ ಇಷ್ಟು ದೊಡ್ಡದು ಮಾಡುತ್ತೇನೆ ಅಂದರೆ, ಆಸ್ಪರ್ಜಿಲಸ್ ಅನ್ನುವ ಬೂಷ್ಟಿನ ಹುಡಿ ಮರಿಗಳ ಶ್ವಾಸಕೋಶಕ್ಕೆ ಹೋದರೆ ಬಾಯಿ ತೆರೆದು ಏದುಸಿರು ಬಿಡುತ್ತಾ ಸಾಯುತ್ತವೆ. ಒಮ್ಮೆ ಹಿಡಿದರೆ ಔಷಧಿಯಿಂದ ಹೆಚ್ಚು ಪ್ರಯೋಜನ ಇಲ್ಲ. ಇನ್ನೊಂದು ರಕ್ತಭೇದಿ, ಕಾಕ್ಸಿಡಿಯೋಸಿಸ್ ಅನ್ನುತ್ತಾರಲ್ಲ, ಅದು. ಅದರ ರೋಗಾಣು ಹಿಕ್ಕೆಯಲ್ಲಿ ಹೊರಗೆ ಬೀಳುತ್ತದೆ, ಬಿದ್ದ ಕೂಡಲೇ ಅದಕ್ಕೆ ರೋಗ ತರುವ ಶಕ್ತಿ ಇರುವುದಿಲ್ಲ. ಒದ್ದೆ ಮತ್ತು ಬೆಚ್ಚಗಿನ ಹಾಸು ಸಿಕ್ಕಿದರೆ ಒಂದೆರಡು ದಿನದಲ್ಲಿ ಬಲಿಯುತ್ತದೆ. ನಮ್ಮ ಮಳೆಗಾಲದ ಗೂಡು ಅದಕ್ಕೆ ತವರುಮನೆ.

ಎರಡನೆಯದು ತೆಂಗಿನ ನಾರಿನ ಹುಡಿ. ಅಂಗಡಿಯ ಬೋರ್ಡಿನಲ್ಲಿ ಮಲಯಾಳದಲ್ಲಿ 'ಚಕಿರಿಚ್ಚೋರ್' ಅಂತ ಇರುತ್ತದೆ, ಕನ್ನಡಕ್ಕೆ ತಂದರೆ ಸಿಪ್ಪೆಯ ಅನ್ನ. ಹೆಸರು ನನಗೆ ಭಾರೀ ಇಷ್ಟ. ಕಾಸರಗೋಡಿನಲ್ಲಿ ತೆಂಗಿಗೆ ಬರವಿಲ್ಲ, ಕೂಡ್ಲಿನಲ್ಲಿ 1916ರಿಂದ ತೆಂಗಿನ ಸಂಶೋಧನೆ ನಡೆಯುವ ಸಂಸ್ಥೆಯೇ ಇದೆ, ಹಾಗಾಗಿ ಇದೇ ಸರಿ ಅಂತ ಮನಸ್ಸಿಗೆ ಬಂತು. ಐದು ಕೆಜಿಯ ಇಟ್ಟಿಗೆ ತಂದೆ, 180 ರೂಪಾಯಿ. ಇಟ್ಟಿಗೆಯನ್ನು ಬಿಡಿಸಬೇಕಾದರೆ ನೀರು ಹಾಕಬೇಕು. ಒಣ ಹಾಸು ಬೇಕು ಅಂತ ತಂದದ್ದಕ್ಕೆ ಬಕೆಟ್ಟಿನಲ್ಲಿ ನೀರು ಸುರಿಯುತ್ತಾ ನಿಂತ ನನ್ನನ್ನು ಊಹಿಸಿಕೊಳ್ಳಿ, ಹೊರಗೆ ಜುಲೈ ತಿಂಗಳ ಮಳೆ, ಒಣಗಿಸಲು ಅಂಗಳವೂ ಇಲ್ಲ, ಕೊನೆಗೆ ಅಡಿಕೆ ಒಣಗಿಸುವ ಅಟ್ಟದಲ್ಲಿ ಹೊಗೆಗೆ ಹಾಕಿ ಒಂಬತ್ತು ದಿನ ಕಾದೆ.

ಆದರೆ ಮಾಲು ಕೆಟ್ಟದ್ದಲ್ಲ. ತನ್ನ ತೂಕದ ಏಳೆಂಟು ಪಾಲು ನೀರು ಕುಡಿಯುತ್ತದೆ. ಡಿಸೆಂಬರಿನಿಂದ ಏಪ್ರಿಲ್ ತನಕ ಇದರ ಹಾಗೆ ವಾಸನೆ ತಡೆಯುವುದು ಬೇರೆ ಇಲ್ಲ, ಆಮೇಲೆ ಗೊಬ್ಬರಕ್ಕೂ ಒಳ್ಳೆಯದು. ಮಳೆಗಾಲದಲ್ಲಿ ಮಾತ್ರ ಗಾಳಿಯ ತೇವವನ್ನೂ ಕುಡಿದು ಕೂರುತ್ತದೆ, ಬಿಡುವುದಿಲ್ಲ. ಪೂರ್ತಿ ಒಣಗಿದರೆ ಹುಡಿ ಹಾರುತ್ತದೆ, ಮೊಟ್ಟೆಗೆ ಕಂದು ಕಲೆ ಹಿಡಿಯುತ್ತದೆ. ಬೇಕಿದ್ದರೆ ನಾರಿನ ಘಟಕದಿಂದ ಬಿಡಿ ಹುಡಿಯನ್ನೇ ಬಿಸಿಲಿನ ಕಾಲದಲ್ಲಿ ತನ್ನಿ. ಇಟ್ಟಿಗೆ ಬೇಡ.

ಇನ್ನು ಮರದ್ದು. ಇದರಲ್ಲಿ ಎರಡುಂಟು, ಇಲ್ಲಿಯೇ ಹೆಚ್ಚಿನವರು ಎಡವುವುದು. ಗರಗಸದ ಹುಡಿ ಬೇರೆ, ಕೀಸುಳಿ ಹಾಕಿದಾಗ ಬರುವ ಸುರುಳಿ ಬೇರೆ. ಮರದ ಮಿಲ್ಲಿನಲ್ಲಿ 'ಅರಕ್ಕಪ್ಪೊಡಿ' ಅಂತ ಕೇಳಿದರೆ ಕೊಡುವುದು ನುಣುಪು ಹುಡಿ. ಅದು ಸುಮ್ನೆ ಕೊಟ್ಟರೂ ಬೇಡ. ಮರಿಗಳು ತಿಂಡಿ ಅಂತ ಹೆಕ್ಕಿ ತಿನ್ನುತ್ತವೆ, ಕೊರಳ ಕೆಳಗಿನ ಚೀಲ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಜೊತೆಗೆ ಧೂಳು. ಸುರುಳಿ ಹಾಗಲ್ಲ. ಹಗುರ, ಗಾಳಿ ಆಡುತ್ತದೆ, ಕೋಳಿ ಕೆದಕಿದಾಗ ಮೇಲೆ ಕೆಳಗೆ ಆಗುತ್ತದೆ.

ಅದಕ್ಕಿಂತ ದೊಡ್ಡ ಪ್ರಶ್ನೆ, ಯಾವ ಮರ? ನಾನು ಮೊದಲು ಹೋದ ಮಿಲ್ಲಿನಲ್ಲಿ ರಬ್ಬರ್ ಮರ, ಪ್ಲೈವುಡ್, ಹಳೆ ಬಾಗಿಲು ಎಲ್ಲದರ ಚೂರೂ ಒಂದೇ ರಾಶಿಯಲ್ಲಿ ಬಿದ್ದಿತ್ತು. ರಬ್ಬರ್ ಹಲಗೆಗೆ ಹುಳ ಹಿಡಿಯಬಾರದು ಅಂತ ಬೋರಾಕ್ಸ್, ಬೋರಿಕ್ ಆಸಿಡ್ ನೀರು ಕುಡಿಸುತ್ತಾರೆ. ಪ್ಲೈವುಡ್ಡಿನ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇದೆ. ಹಳೆ ಬಾಗಿಲಿನಲ್ಲಿ ಪೇಂಟು, ಪಾಲಿಶು. ನಮ್ಮೂರಿನ ಹಳೆ ಮನೆಯ ಪಕ್ಕಾಸು, ತೊಲೆಗೆಲ್ಲ ಗೆದ್ದಲು ಬಾರದ ಹಾಗೆ ಗೇರು ಎಣ್ಣೆ ಬಳಿದಿರುತ್ತಾರೆ, ಗೇರುಬೀಜದ ಸಿಪ್ಪೆಯಿಂದ ತೆಗೆದದ್ದು. ಅದೂ ನ್ಯಾಚುರಲ್ಲೇ. ಚಿಕ್ಕವನಿದ್ದಾಗ ಸುಟ್ಟ ಗೇರುಬೀಜ ಒಡೆಯಲು ಹೋಗಿ ಬೆರಳಿನ ಚರ್ಮ ಎದ್ದುಹೋದ ನೆನಪು ಇರುವವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ನಾನು ಯಾವ ಮರ, ಏನು ಹಾಕಿದ್ದೀರಿ ಅಂತ ಕೇಳಿದಾಗ ಮಿಲ್ಲಿನ ಇಚ್ಚ (ಅಣ್ಣ) ಬೇಸರ ಮಾಡಿಕೊಳ್ಳಲಿಲ್ಲ, "ಅದರಲ್ಲಿ ಎಲ್ಲಾ ಉಂಟು, ಕೋಳಿಗೆ ಬೇಡ" ಅಂದರು. ಆ ಒಂದು ಮಾತಿಗೆ ಅವರಿಗೆ ಫುಲ್ ಮಾರ್ಕ್ಸ್. ಈ ಕಡೆಯವರು ಇಂಥದ್ದನ್ನು ಕೇಳುವುದು ಅತಿ ಅನಿಸುವುದಿಲ್ಲ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುವುದು ನಿಂತದ್ದು 2000ದಲ್ಲಿ, ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ತಡೆ ಹಾಕಿದ್ದು 2011ರಲ್ಲಿ. ಆ ವಿಷದಿಂದ ಜನ ನರಳಿದ ಎಣ್ಮಕಜೆ ನಮಗೆ ದೂರ ಅಲ್ಲ.

ಕೊನೆಗೆ ಸುರುಳಿ ಸಿಕ್ಕಿದ್ದು ಆಚಾರಿಯವರ ಕೊಟ್ಟಿಗೆಯಲ್ಲಿ. ಅವರು ಹಲಸು, ಹೆಬ್ಬಲಸು, ಸಾಗುವಾನಿ ಹೊಸ ಮರದಲ್ಲೇ ಕೆಲಸ ಮಾಡುವವರು. ಪಾಲಿಶ್ ಹಾಕುವುದು ಬೇರೆ ಜಾಗದಲ್ಲಿ. ಮೆಷಿನ್ ಕೀಸುಳಿಯ ಅಡಿಯಿಂದ ಗೋಣಿ ತುಂಬಿಕೊಂಡು ಹೋಗಿ ಅಂದರು, ದುಡ್ಡು ಬೇಡ ಅಂದರು. ಮನೆಗೆ ತಂದು ಸುರಿದು ಮೊಳೆ, ತಂತಿ ಇದೆಯಾ ನೋಡಲು ಸ್ಪೀಕರಿನಿಂದ ಕಿತ್ತ ಅಯಸ್ಕಾಂತ ಆಡಿಸಿದೆ. ಮೂರು ಮೊಳೆ ಸಿಕ್ಕಿತು.

ನಾಲ್ಕನೆಯದು ಉಮಿ. ಕುಚ್ಚಲಕ್ಕಿ ಮಿಲ್ಲಿನಿಂದ, ಗೋಣಿಗೆ 70 ರೂಪಾಯಿ. ಇದು ನೀರು ಜಾಸ್ತಿ ಕುಡಿಯುವುದಿಲ್ಲ, ಅದೇ ಇದರ ದೋಷ, ಅದೇ ಗುಣ. ಮುದ್ದೆ ಕಟ್ಟುವುದಿಲ್ಲ, ಬೇಗ ಆರುತ್ತದೆ, ಬೂಷ್ಟು ಹಿಡಿಯುವುದು ಕಡಿಮೆ. ತರುವಾಗ ಅಂಗೈಗೆ ಹಾಕಿ ಉಜ್ಜಿ ನೋಡಿ. ಕೈಗೆ ಹಿಟ್ಟು ಮೆತ್ತಿದರೆ ತೌಡು ಬೆರೆತಿದೆ ಅಂತ ಅರ್ಥ. ಆಗ ಕೋಳಿ ಅದನ್ನೇ ಹೆಕ್ಕುತ್ತಾ ಕೂರುತ್ತದೆ, ರಾತ್ರಿ ಇಲಿ ಬರುತ್ತದೆ, ಇಲಿಯ ಹಿಂದೆ ಕೇರೆ ಹಾವು ಬರುತ್ತದೆ. ಈಗ ತಾನೇ ಹೊರಬಂದ ಮರಿಗಳಿದ್ದರೆ ಮೊದಲ ಕೆಲವು ದಿನ ಉಮಿಯ ಮೇಲೆ ಗೋಣಿ ಹಾಸಿ, ತಿಂಡಿ ಯಾವುದು ಉಮಿ ಯಾವುದು ಅಂತ ಅವಕ್ಕೆ ಗೊತ್ತಾಗುವ ತನಕ. ಪೇಪರ್ ಮಾತ್ರ ಹಾಸಬೇಡಿ. ಜಾರಿ ಜಾರಿ ಕಾಲು ಎರಡು ಬದಿಗೆ ಹರಡಿದ ಮರಿಯನ್ನು ಒಮ್ಮೆ ನೋಡಿದ್ದೇನೆ.

ಈಗ ಗೂಡಿನಲ್ಲಿ ಇರುವುದು ಹೀಗೆ: ಅಡಿಗೆ ಮೂರು ಇಂಚು ಉಮಿ, ಮೇಲೆ ಎರಡು ಇಂಚು ಸುರುಳಿ. ಎರಡು ದಿನಕ್ಕೊಮ್ಮೆ ಹಾರೆಗೋಲಿನಿಂದ ಮೊಗಚುತ್ತೇನೆ. ಒಂದು ಹಿಡಿ ತೆಗೆದು ಮುಷ್ಟಿ ಕಟ್ಟಿ ಬಿಟ್ಟು ನೋಡುವುದು. ಉಂಡೆ ಹಾಗೇ ನಿಂತರೆ ಒದ್ದೆ ಜಾಸ್ತಿ. ಮೆಲ್ಲ ಬಿರಿದು ಉದುರಿದರೆ ಸರಿ. ಏನೂ ಅಂಟದೆ ಧೂಳಾಗಿ ಹಾರಿದರೆ ಅದೂ ಸರಿಯಿಲ್ಲ. ಇನ್ನೊಂದು, ಗೂಡಿನ ಒಳಗೆ ಕುಕ್ಕರಗಾಲಲ್ಲಿ ಕೂತು ಮೂಸಿ. ಅಮೋನಿಯಾ ಹುಟ್ಟುವುದು ನೆಲದಲ್ಲಿ, ಕೋಳಿಯ ಮೂಗು ಇರುವುದೂ ಅಲ್ಲಿಯೇ. ನಿಂತವರಿಗೆ ಕಣ್ಣು ಉರಿಯುವ ಹೊತ್ತಿಗೆ ಅವು ಅದನ್ನು ಎಷ್ಟೋ ದಿನದಿಂದ ಕುಡಿಯುತ್ತಿರುತ್ತವೆ. ನಮ್ಮಲ್ಲಿ ಒದ್ದೆಯ ಅರ್ಧ ಪಾಲು ಬರುತ್ತಿದ್ದದ್ದು ನೀರಿನ ಪಾತ್ರೆಯಿಂದ, ಇನ್ನರ್ಧ ಪಡುವಣ ಬದಿಯ ಎರಚಲಿನಿಂದ. ಪಾತ್ರೆಯನ್ನು ಎರಡು ಕಲ್ಲಿನ ಮೇಲೆ ಏರಿಸಿದೆ, ಎರಚಲಿಗೆ ಅಡಿಕೆ ಸೋಗೆ ಕಟ್ಟಿದೆ. ಇದಕ್ಕೆ ಖರ್ಚು ಸೊನ್ನೆ. ಮೊದಲೇ ಮಾಡಿದ್ದರೆ 449 ರೂಪಾಯಿ ಉಳಿಯುತ್ತಿತ್ತೋ ಏನೋ.

ಸುಣ್ಣ ಹಾಕಿ ಅಂತ ಅಂಗಡಿಯವರು ಹೇಳುತ್ತಾರೆ. ಸುಟ್ಟ ಸುಣ್ಣ ಖಂಡಿತ ಬೇಡ, ಒದ್ದೆ ತಾಗಿದರೆ ಕಾಯುತ್ತದೆ, ಕಾಲು ಸುಡುತ್ತದೆ. ಅಡಿಕೆ ಸಿಪ್ಪೆಯನ್ನೂ ಕೇಳುತ್ತಾರೆ ಕೆಲವರು. ನಾನು ಹಾಕಿಲ್ಲ, ಮಹಾಳಿ ಅನ್ನುವ ಕೊಳೆರೋಗಕ್ಕೆ ಅಂತ ಮಳೆಗಾಲದಲ್ಲಿ ಮೈಲುತುತ್ತದ ಬೋರ್ಡೋ ದ್ರಾವಣ ಬಿಟ್ಟ ಗೊನೆಯ ಸಿಪ್ಪೆ ನೀಲಿ ಕಂಡರೆ ಮನಸ್ಸು ಬರುವುದಿಲ್ಲ.

ಹಳೆ ಹಾಸು ತೆಗೆದದ್ದನ್ನು ಮೂರು ತಿಂಗಳು ಮುಚ್ಚಿ ಕೊಳೆಸಿ ಅಮ್ಮ ಮಲ್ಲಿಗೆ ಬುಡಕ್ಕೆ ಹಾಕುತ್ತಾರೆ. ಈಗ ಹಾಸಿಗೆಯ ಬಗ್ಗೆ ನಗುವುದು ಸ್ವಲ್ಪ ಕಡಿಮೆಯಾಗಿದೆ. ಉಮಿ ಮಳೆ ಹಿಡಿಯುವ ಮೊದಲೇ ತರಬೇಕು, ಜೂನಿನಲ್ಲಿ ಮಿಲ್ಲಿನ ರಾಶಿಯೇ ಒದ್ದೆ. ಈ ಸಲ ಮೇ ಮೊದಲ ವಾರದಲ್ಲೇ ಆರು ಗೋಣಿ ತಂದು ಅಟ್ಟಕ್ಕೆ ಏರಿಸಿದ್ದೇನೆ. ಸುರುಳಿಯದ್ದೇ ತಕರಾರು. ಒಳ್ಳೆಯದುಂಟು ಅಂತ ನೆರೆಕರೆಯ ಮೂರು ಮನೆಗೆ ಹೇಳಿದ್ದೆ, ಮೊನ್ನೆ ಹೋದಾಗ ಆಚಾರಿಯವರು ಗೋಣಿಗೆ ಮೂವತ್ತು ರೂಪಾಯಿ ಅಂದರು.